ಮೂಲೆಮನೆಯ ಮೇಲೆ ಅಮೆರಿಕ

ಒಂದು ದೇಶವನ್ನು ಬಸ್ಸಿನ ಕಿಟಕಿ ಸೀಟಿನಲ್ಲಿ ಕೂರಿಸಿಕೊಂಡು ಜನ್ನಾಪುರದಿಂದ ಶಿವಮೊಗ್ಗಕ್ಕೆ ಹೋಗಿಬಂದವರು ನಾನು ಮತ್ತು ನಮ್ಮಕ್ಕ ಇಬ್ಬರೇ ಇರಬೇಕು. ಹೋಗುವಾಗ ಅದಕ್ಕೆ ಫುಲ್ ಟಿಕೆಟ್ ತೆಗೆದೆ, ಬರುವಾಗಲೂ ತೆಗೆದೆ. ಸೀಟು ಹಿಡಿದ ಮೇಲೆ ಟಿಕೆಟ್ ತೆಗೆಯಬೇಕು. ಹುಲ್ಲು ತುಂಬಿದವರಿಗೊಂದು ನಿಯಮ, ಅನ್ನ ತುಂಬಿದವರಿಗೊಂದು ನಿಯಮ ಎಂದು ಮಾಡಿದರೆ ಯಾವ ಸಂಸ್ಥೆಯೂ ನಡೆಯುವುದಿಲ್ಲ.

ನಾನು ಭದ್ರಾವತಿಯ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರಾಗಿದ್ದು ನಿವೃತ್ತಳಾದವಳು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ ಬಿಡುವಾಗಲಿಲ್ಲ ಎಂದು ಹೇಳುತ್ತಿದ್ದೆ. ಬೆಳಿಗ್ಗೆ ಕಾರ್ಖಾನೆಯ ಸೈರನ್ ಕೂಗುವ ಮೊದಲೇ ಎದ್ದು ವ್ಯಾಯಾಮ, ಸ್ನಾನ, ವಿಭೂತಿ, ಪೂಜೆ, ಆಮೇಲೆ ತಿಂಡಿ. ಈ ಸಾಲಿನಲ್ಲಿ ಒಂದು ಹಿಂದುಮುಂದಾದರೆ ಆ ದಿನ ಎಡಗಾಲಿನ ಚಪ್ಪಲಿ ಬಲಗಾಲಿಗೆ ಹಾಕಿಕೊಂಡಂತೆ ಇರುತ್ತದೆ.

ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ಭಾವ ಕಾರ್ಖಾನೆಯಲ್ಲಿದ್ದರು. ಅವರು ತೀರಿಕೊಂಡ ಮೇಲೆ ಅಕ್ಕ ಜನ್ನಾಪುರದ ನನ್ನ ಮನೆಗೆ ಬಂದಳು. ಬರುವಾಗ ಒಂದು ಟ್ರಂಕು, ಒಂದು ರೇಡಿಯೊ ಮತ್ತು ದಮ್ಮು ತಂದಳು. ಟ್ರಂಕನ್ನು ಮಂಚದ ಕೆಳಗೆ, ರೇಡಿಯೊವನ್ನು ಕಿಟಕಿಯ ಮೇಲೆ ಇಟ್ಟೆವು. ದಮ್ಮಿಗೆ ಮಾತ್ರ ಒಂದು ಜಾಗ ಅಂತ ಆಗಲಿಲ್ಲ. ಸ್ವಲ್ಪ ಹೊಗೆ ಬಂದರೆ ಸಾಕು, ಅವಳ ಎದೆಯಲ್ಲಿ ಹಳೆಯ ಹಾರ್ಮೋನಿಯಂ ಶುರುವಾಗುತ್ತಿತ್ತು. ಅಂಥವಳಿಗೆ ಇದ್ದ ಒಂದೇ ಚಟ ಜಗಲಿ. ಬೆಳಗಿನ ಸೈರನ್ ಆದ ಮೇಲೆ ಜಗಲಿಯ ಮೇಲೆ ಕುಳಿತು, ಪಾಳಿಗೆ ಹೋಗುವವರನ್ನು, ಪಾಳಿ ಮುಗಿಸಿ ಬರುವವರನ್ನು, ಹಾಲಿನವನನ್ನು, ಹೂವಿನವಳನ್ನು ಮಾತಾಡಿಸಬೇಕು. ಯಾರ ಮನೆಗೆ ಯಾರು ಬಂದರು, ಯಾರ ಮಗಳು ಪಾಸಾದಳು ಎಂಬುದೆಲ್ಲ ಅವಳ ಕಿವಿ ದಾಟಿಯೇ ಹೋಗಬೇಕು. ಅಷ್ಟು ಹೊತ್ತು ಸಿಕ್ಕಿದರೆ ಮಿಕ್ಕ ದಿನ ಮಲಗಿ ಕಳೆದರೂ ಅವಳಿಗೆ ಬೇಸರವಿಲ್ಲ.

ಆದರೆ ಆ ಹೊತ್ತಿಗೇ ಬೀದಿಯ ಬಚ್ಚಲ ಒಲೆಗಳೆಲ್ಲ ಉರಿಯುತ್ತಿದ್ದವು. ನಮ್ಮ ಬೀದಿಯಲ್ಲಿ ಆಗ ಎಲ್ಲರ ಮನೆಯಲ್ಲೂ ನೀರು ಕಾಯಿಸುವ ಹಂಡೆ. ತೆಂಗಿನ ಗರಿ, ಕಾಯಿಸಿಪ್ಪೆ, ಹಸಿ ಸೌದೆ, ಕೈಗೆ ಸಿಕ್ಕಿದ್ದನ್ನೆಲ್ಲ ತುರುಕುತ್ತಿದ್ದರು. ಅಕ್ಕ ಕಿಟಕಿ ಮುಚ್ಚಿಕೊಂಡು ಒಳಗೆ ಕೂರಬೇಕಾಗಿತ್ತು.

"ಕಾರ್ಖಾನೆ ಹೊಗೆ ಬೇರೆ ಕಣೆ," ಎನ್ನುತ್ತಿದ್ದಳು. "ಅದು ಅನ್ನದ ಹೊಗೆ. ಇದು ಸೋಮಾರಿಗಳ ಹೊಗೆ. ಇನ್ನೊಂದು ಸ್ವಲ್ಪ ಬೇಗ ಎದ್ರೆ ಇವ್ರ ಗಂಟು ಹೋಗುತ್ತಾ?"

ದಮ್ಮಿಗೆ ಈ ಭೇದ ಗೊತ್ತಿರಲಿಲ್ಲ. ಆದರೂ ನಾನು ವಾದ ಮಾಡಲಿಲ್ಲ. ಒಂದು ಭಾನುವಾರ ಬೀದಿಯವರನ್ನೆಲ್ಲ ನಮ್ಮ ಜಗಲಿಗೆ ಕರೆದು, ಅವಲಕ್ಕಿ ಕೊಟ್ಟು, ವಿಷಯ ಮುಂದಿಟ್ಟೆ. ಒಲೆ ಹಚ್ಚುವವರು ಸೈರನ್ನಿಗೆ ಮೊದಲು ಹಚ್ಚಿ ನೀರು ಕಾಯಿಸಿಕೊಳ್ಳಿ, ಸೈರನ್ ಆದ ಮೇಲೆ ಬೆಂಕಿ ಇರಬಾರದು. ಎಲ್ಲರೂ ಒಪ್ಪಿದರು. ಎಲ್ಲರಿಗಿಂತ ಮೊದಲು ಒಪ್ಪಿದವರು ಮೂಲೆಮನೆಯ ಯಜಮಾನರು. ಅವರದು ಪೇಟೆಯಲ್ಲಿ ಮಂಡಿ ವ್ಯಾಪಾರ, ಬೀದಿಯಲ್ಲೇ ದೊಡ್ಡ ಮನೆ, ದೊಡ್ಡ ಸಂಸಾರ, ಇಬ್ಬರು ಹಿಡಿದರೂ ಏಳದಷ್ಟು ದೊಡ್ಡ ಹಂಡೆ. ಅವತ್ತು ಅವರೇ ಎದ್ದು ನಿಂತು, "ಹಿರಿಯರ ಉಸಿರಿಗಿಂತ ನಮ್ಮ ಸ್ನಾನ ದೊಡ್ಡದಾ?" ಎಂದು ಭಾಷಣ ಮಾಡಿದ್ದರು.

ಎರಡು ಚಳಿಗಾಲ ಇದು ಚೆನ್ನಾಗಿ ನಡೆಯಿತು. ಅಕ್ಕ ಜಗಲಿಯಲ್ಲಿ, ಬೀದಿ ಸುಖದಲ್ಲಿ. ಆಮೇಲೆ ಯಜಮಾನರು ಮನೆಯ ಮೇಲೆ ಇನ್ನೊಂದು ಅಂತಸ್ತು ಕಟ್ಟಲು ಶುರುಮಾಡಿದರು. ಬಂದುಹೋಗುವವರು ಹೆಚ್ಚಾದರು, ಹಂಡೆಯ ಬೆಂಕಿ ಮಧ್ಯಾಹ್ನದವರೆಗೂ ಆರದಂತಾಯಿತು. ನಾನು ಹೋಗಿ ಕೇಳಿದೆ.

"ನೋಡಿ ಟೀಚರಮ್ಮ," ಎಂದರು, "ಹಿಂದಿನ ಬೀದಿಯವ್ರು ಹೊತ್ತು ಗೊತ್ತಿಲ್ದೆ ಉರಿಸ್ತಾರೆ. ಅವ್ರಿಗಿಲ್ಲದ ಕಾನೂನು ನಂಗ್ಯಾಕೆ? ನಂದು ದೊಡ್ಡ ಸಂಸಾರ, ಲೆಕ್ಕ ಬೇರೆ. ನನ್ನ ಈ ಕರಾರಿಂದ ಬಿಟ್ಬಿಡಿ."

ಬಿಟ್ಟುಬಿಡಿ ಎಂದವರು ನಾವು ಬಿಡುವ ಮೊದಲೇ ಬಿಟ್ಟಿದ್ದರು. ಅವರ ಹೊಗೆ ನೇರ ನಮ್ಮ ಜಗಲಿಗೇ ಬರುತ್ತಿತ್ತು. ಅಕ್ಕ ಮತ್ತೆ ಕಿಟಕಿಯ ಹಿಂದೆ ಸೇರಿದಳು. ಹಾಲಿನವನು ಒಳಗೆ ಇಣುಕಿ, "ಅಮ್ಮ ಇಲ್ವಾ?" ಎಂದು ಕೇಳಿ ಹೋಗುತ್ತಿದ್ದ.

ಇಂಥ ಹೊತ್ತಿನಲ್ಲಿ, ಎರಡು ಸಾವಿರದ ಒಂದನೇ ಇಸವಿಯ ಬೇಸಿಗೆ ಶುರುವಾಗುವಾಗ, ರೇಡಿಯೊದಲ್ಲಿ ಸುದ್ದಿ ಬಂತು. ಭೂಮಿ ಬಿಸಿಯಾಗುವುದನ್ನು ತಡೆಯಲು ದೇಶಗಳೆಲ್ಲ ಸೇರಿ ಜಪಾನಿನ ಕ್ಯೋಟೊದಲ್ಲಿ ಒಂದು ಒಪ್ಪಂದ ಮಾಡಿಕೊಂಡಿದ್ದವು. ಅದಕ್ಕೆ ಸಹಿ ಹಾಕಿದ್ದ ಅಮೆರಿಕ ಈಗ ತನಗದು ಬೇಡ ಎಂದಿತ್ತು. ಬೇರೆ ಎಷ್ಟೋ ದೇಶಗಳಿಗೆ ಇಲ್ಲದ ಕಟ್ಟುಪಾಡು ತನಗೇಕೆ ಎಂಬುದು ಅದರ ತಕರಾರು.

ನಾನು ಚಪಾತಿ ಲಟ್ಟಿಸುತ್ತಿದ್ದೆ. ಅಕ್ಕ ರೇಡಿಯೊದ ಕಿವಿ ತಿರುಚಿ ಶಬ್ದ ಜೋರು ಮಾಡಿದಳು. ಕೊನೆಯವರೆಗೂ ಕೇಳಿ, ನನ್ನ ಕಡೆ ತಿರುಗಿದಳು.

"ಮಾರಾಯ್ತಿ, ಇದು ನಮ್ಮ ಮೂಲೆಮನೆಯವ್ರು ಹೇಳಿದ್ದೇ ಅಲ್ವೇನೆ? ಇವ್ರೇನು ಅಲ್ಲಿಗೆ ಹೋಗಿ ಹೇಳ್ಕೊಟ್ಟು ಬಂದ್ರಾ?"

ಅವತ್ತಿನಿಂದ ಅಕ್ಕನ ಸಿಟ್ಟಿಗೆ ಒಂದು ಅಂತರರಾಷ್ಟ್ರೀಯ ಘನತೆ ಬಂತು. ಮೂಲೆಮನೆಯವರನ್ನು ಬೈಯುವ ಹಾಗಿರಲಿಲ್ಲ, ಒಂದೇ ಬೀದಿಯಲ್ಲಿ ಬಾಳಬೇಕು, ಹಬ್ಬಕ್ಕೆ ಅವರ ಮನೆಯ ಹೋಳಿಗೆ ತಿನ್ನಬೇಕು. ಅಮೆರಿಕದಿಂದ ನಮಗೆ ಹೋಳಿಗೆ ಬರುತ್ತಿರಲಿಲ್ಲ.

ಅದೇ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಂದ. ಶಂಕರಘಟ್ಟದಲ್ಲಿ ಪಾಠ ಹೇಳುತ್ತಿದ್ದ, ವಿಜ್ಞಾನದ ಮೇಷ್ಟ್ರು. ಶಾಲೆಯಲ್ಲಿದ್ದಾಗ ಕಬಡ್ಡಿಯಲ್ಲಿ ಉಸಿರು ಬಿಟ್ಟು ಬಿಡದವನಂತೆ ನಟಿಸುತ್ತಿದ್ದ ಹುಡುಗ. ಈಗ ಭೂಮಿಗಾಗಿ ಉಸಿರು ಹಿಡಿದಿದ್ದ.

"ಮಿಸ್, ಶಿವಮೊಗ್ಗದಲ್ಲಿ ಮೆರವಣಿಗೆ ಮಾಡ್ತಿದೀವಿ. ವಿದ್ಯಾರ್ಥಿಗಳು, ರೈತರು, ಲೆಕ್ಚರರ್‌ಗಳು, ಎಲ್ರೂ ಬರ್ತಾರೆ. ಜನಕ್ಕೆ ಸಿಟ್ಟು ಬಂದಿದೆ. ಆದ್ರೆ ಸಾಲಲ್ಲಿ ನಿಲ್ಸೋರು ಯಾರೂ ಇಲ್ಲ. ನೀವು ವಿಸಿಲ್ ತಗೊಂಡು ಬರ್ಬೇಕು."

ಅಕ್ಕ ಒಳಗಿನಿಂದ, "ನಾನೂ ಬರ್ತೀನಿ," ಎಂದಳು.

ಮೇಷ್ಟ್ರು ನನ್ನ ಮುಖ ನೋಡಿದ. ಅಕ್ಕ ಬಸ್ಸು ಹತ್ತಿ ಎಷ್ಟೋ ಕಾಲವಾಗಿತ್ತು.

"ಹೊಗೆ ಇರಲ್ಲ ತಾನೆ?" ಎಂದು ಅಕ್ಕ ಕೇಳಿದಳು.

"ಎಲ್ಲಾದ್ರೂ ಉಂಟಾ ದೊಡ್ಡಮ್ಮ? ನಾವು ಮಾಡ್ತಿರೋದೇ ಹೊಗೆ ವಿರುದ್ಧ."

"ಮಾತು ಕೊಟ್ಯಲ್ಲ?"

"ಕೊಟ್ಟೆ."

ಆಮೇಲೆ ಅವನು ಅಕ್ಕನಿಗೆ ಅರ್ಧ ಗಂಟೆ ಪಾಠ ಮಾಡಿದ. ಇದು ಕಣ್ಣಿಗೆ ಕಾಣುವ ಹೊಗೆಯಲ್ಲ, ಕಾಣದ ಅನಿಲ, ಅದು ಆಕಾಶದಲ್ಲಿ ಕಂಬಳಿಯಂತೆ ಕೂತು ಸೆಕೆ ಹೊರಗೆ ಹೋಗದಂತೆ ಮಾಡುತ್ತದೆ ಎಂದೆಲ್ಲ ಹೇಳಿದ. ಅಕ್ಕ ಕೇಳಿ, "ಎಲ್ಲರ ಒಲೆ ಬೇರೆ, ಆದ್ರೆ ಚಾವಣಿ ಒಂದೇ ಅಂತ ತಾನೆ ನೀನು ಹೇಳೋದು? ಇಷ್ಟಕ್ಕೆ ಬೋರ್ಡು ಯಾಕೆ?" ಎಂದಳು. ಅವನು ಬೋರ್ಡು ತಂದಿರಲಿಲ್ಲ, ನಮ್ಮ ಕ್ಯಾಲೆಂಡರಿನ ಹಿಂದೆ ಬರೆದಿದ್ದ. ಆ ತಿಂಗಳ ಏಕಾದಶಿ ಆಮೇಲೆ ಸರಿಯಾಗಿ ಓದಲಾಗಲಿಲ್ಲ.

ಮೆರವಣಿಗೆ ಎಂದ ಮೇಲೆ ಪ್ರತಿಕೃತಿ ಬೇಕು. ಅದನ್ನು ಮಾಡುವ ಕೆಲಸ ನಮ್ಮ ಎದುರಿನ ಟೈಲರ್ ಸಾಬರಿಗೆ ಬಿತ್ತು. ಸಾಬರು ಬೀದಿಯ ಕರಾರಿನಲ್ಲಿ ಮೊದಲಿನಿಂದಲೂ ಇದ್ದವರು, ಅಕ್ಕನ ಜಗಲಿಯ ಖಾಯಂ ಸದಸ್ಯರು. ಕೊರಳಲ್ಲಿ ಟೇಪು ಹಾಕಿಕೊಂಡೇ ಬಂದರು.

"ಯಾರ್ದು ಮಾಡ್ಬೇಕು?"

"ಯಾವ ವ್ಯಕ್ತೀದೂ ಬೇಡ ಸಾಬ್ರೆ," ಎಂದ ಮೇಷ್ಟ್ರು. "ಒಬ್ಬ ಮನುಷ್ಯನ ಮುಖ ಬರಬಾರದು. ದೇಶದ್ದು ಬರ್ಬೇಕು."

"ಇಷ್ಟು ವರ್ಷದಿಂದ ಹೊಲೀತಿದೀನಿ, ದೇಶಕ್ಕೆ ಅಳತೆ ತೆಗೆದಿಲ್ಲ ಸಾರ್. ದೇಶಕ್ಕೆ ಮೂಗು ಹೆಂಗಿರ್ತದೆ?"

"ಸುಮ್ನೆ ಮೂಗಿನ ಹಾಗೆ ಇರ್ಲಿ."

ಸಾಬರ ಅಂಗಡಿಯಲ್ಲಿ ಕೆನೆಬಣ್ಣದ ಒಂದು ಕೋಟು ಬಹಳ ದಿನದಿಂದ ನೇತಾಡುತ್ತಿತ್ತು. ಯಾರದೋ ಮದುವೆಗೆಂದು ಹೊಲಿದದ್ದು. ಮದುವೆ ಮಾತು ಮುರಿದು, ಕೋಟನ್ನು ಒಯ್ಯಲು ಯಾರೂ ಬಂದಿರಲಿಲ್ಲ. "ಮಾತು ಮುರಿದವ್ರ ಕೋಟು ಮಾತು ಮುರಿದವ್ನಿಗೇ ಆಯ್ತು, ಹಾಕಿ," ಎಂದಳು ಅಕ್ಕ. ಆದರೆ ಆ ವರ ಬಹಳ ಸಣಕಲು. ಪ್ರಪಂಚದ ಬಲಾಢ್ಯ ದೇಶಕ್ಕೆ ಪಾರಿವಾಳದ ಎದೆ ಬಂತು. ಸಾಬರು ಒಪ್ಪಲಿಲ್ಲ. "ಇಷ್ಟು ಹೊಗೆ ಬಿಡೋನು ಅಂತೀರಿ, ಹೊಟ್ಟೆ ಬೇಡ್ವಾ?" ಎಂದು ಬತ್ತದ ಹುಲ್ಲು ತುರುಕಿ ತುರುಕಿ, ಗುಂಡಿ ಕಿತ್ತು, ಮತ್ತೆ ಹಾಕಿ, ಹೊಟ್ಟೆ ಬರಿಸಿದರು. ತಲೆಗೆ ದಿಂಬಿನ ಚೀಲ. ಕಣ್ಣು, ಹುಬ್ಬು, ಗಂಭೀರವಾದ ಒಂದು ಮೂಗು. ಕತ್ತಿಗೆ ಟೈ. ಕೆಳಗೆ ನನ್ನ ಹಳೆಯ ನೀಲಿ ಟ್ರ್ಯಾಕ್ ಪ್ಯಾಂಟು, ಪಕ್ಕದಲ್ಲಿ ಬಿಳಿ ಪಟ್ಟಿ. ಕೊನೆಗೆ ಸಾಬರು ಹಿಂದೆ ಸರಿದು ನಿಂತು ನೋಡಿ, ಕೋಟಿನ ಭುಜದ ಮೇಲಿನ ದಾರ ಕಿತ್ತರು. ಗಿರಾಕಿಗೆ ಟ್ರಯಲ್ ನೋಡುವ ಹಾಗೆಯೇ.

"ಜೀವ ಬಂದಿದೆ ಸಾಬ್ರೆ," ಎಂದೆ.

"ಅದೇ ಕಷ್ಟ ಟೀಚರಮ್ಮ," ಎಂದರು.

ಮೆರವಣಿಗೆಯ ದಿನ ಮೇಷ್ಟ್ರು ಮುಂಚೆಯೇ ಶಿವಮೊಗ್ಗಕ್ಕೆ ಹೋಗಿದ್ದ. ಸಾಬರು ನಮ್ಮನ್ನೂ ಗೊಂಬೆಯನ್ನೂ ಬಸ್ಸು ಹತ್ತಿಸಿ ತಾವು ಹಿಂದಿನ ಸೀಟಿನಲ್ಲಿ ಕುಳಿತರು. ಅಕ್ಕನ ಚೀಲದಲ್ಲಿ ಮಾತ್ರೆ, ನೀರು, ಉಸಿರಿಗೆ ಎಳೆದುಕೊಳ್ಳುವ ಪಂಪು. ಅಮೆರಿಕ ಕಿಟಕಿಯ ಪಕ್ಕ, ಅದರ ಪಕ್ಕ ಅಕ್ಕ, ಆಮೇಲೆ ನಾನು. ಕಂಡಕ್ಟರ್ ಬಂದ.

"ಇವ್ರದ್ದು?"

"ಅವನನ್ನೇ ಕೇಳು," ಎಂದಳು ಅಕ್ಕ.

"ಲಗೇಜ್ ಅಂದ್ರೆ ಮೇಲೆ ಹಾಕ್ತೀನಿ. ಸೀಟು ಅಂದ್ರೆ ಟಿಕೆಟ್."

"ಮೇಲೆ ಹಾಕಿದ್ರೆ ಕೋಟು ಮುದುಡ್ತದೆ," ಎಂದು ಹಿಂದಿನಿಂದ ಸಾಬರು ಗಾಬರಿಯಾದರು. ನಾನು ಟಿಕೆಟ್ ತೆಗೆದು ಗೊಂಬೆಯ ಮೇಲು ಜೇಬಿಗೆ ಸಿಕ್ಕಿಸಿದೆ.

ಎದುರು ಸೀಟಿನಲ್ಲಿ ರುಮಾಲು ಕಟ್ಟಿದ ಒಬ್ಬ ಹಿರಿಯರಿದ್ದರು, ಕುಂಸಿಯವರಂತೆ, ಶಿವಮೊಗ್ಗದಲ್ಲಿ ಬಸ್ಸು ಬದಲಿಸಿ ಮುಂದೆ ಹೋಗುವವರು. ಬಹಳ ಹೊತ್ತು ನಮ್ಮ ಕಡೆ ನೋಡಿದರು. ಕಣ್ಣು ಅಷ್ಟಕ್ಕಷ್ಟೇ ಇದ್ದಿರಬೇಕು.

"ಬೀಗ್ರಾ?" ಎಂದು ಅಕ್ಕನನ್ನು ಕೇಳಿದರು.

"ಹೂಂ. ದೂರದವ್ರು."

"ಮಾತೇ ಆಡ್ತಿಲ್ಲ."

"ಆಡಿದ ಮಾತು ಉಳಿಸ್ಕೊಳ್ದೆ ಹೀಗಾಗಿದಾರೆ."

ಹಿರಿಯರು ಮುಂದೆ ಬಾಗಿ ನೋಡಿ, ಹುಲ್ಲು ಕಂಡು, ಮೊಣಕಾಲು ತಟ್ಟಿಕೊಂಡು ನಕ್ಕರು. ಬಸ್ಸಿಗೆಲ್ಲ ಗೊತ್ತಾಯಿತು. ಇವನು ಯಾರು, ಏನು ಮಾಡಿದ ಎಂದು ಎಲ್ಲರೂ ಕೇಳಿದರು. ಅಕ್ಕ ಬೀದಿಯ ಕರಾರನ್ನು ಹೇಳಿ, ಅದನ್ನೇ ಉದ್ದ ಮಾಡಿ ಪ್ರಪಂಚಕ್ಕೆ ಹೊಂದಿಸಿದಳು. ಅಲ್ಲಿಂದ ಶುರುವಾಯಿತು ನೋಡಿ. ಒಬ್ಬರು ಈ ವರ್ಷದ ಸೆಕೆಗೆ ಇವನೇ ಕಾರಣ ಎಂದರು. ಇನ್ನೊಬ್ಬರು ಹೋದ ವರ್ಷ ಅಡಿಕೆಗೆ ಕೊಳೆ ಬಂದದ್ದೂ ಇವನಿಂದಲೇ ಎಂದರು. ಒಬ್ಬ ಹೆಂಗಸು, ತನ್ನ ನಾದಿನಿ ಮಾತು ಕೊಟ್ಟು ಓಲೆ ವಾಪಸು ಕೊಡದಿದ್ದ ವಿಷಯವನ್ನು ಅಮೆರಿಕದ ಮುಖಕ್ಕೇ ಹೇಳಿದಳು. ಇಳಿಯುವವರು ಅದರ ತಲೆಗೆ ಒಂದೊಂದು ಮೊಟಕು ಕೊಟ್ಟು ಇಳಿದರು. ಸಾಬರು ಪ್ರತಿ ಸಲವೂ ಎದ್ದು ಟೈ ಸರಿಮಾಡಿದರು.

ಅಕ್ಕ ಮಾತ್ರ ತನ್ನದನ್ನು ಹೇಳಲಿಲ್ಲ. "ನಂದು ಸರ್ಕಲ್‌ನಲ್ಲಿ. ಎಲ್ಲರ ಎದುರಿಗೆ," ಎಂದಳು. ಕಿಟಕಿಯ ಗಾಳಿಗೆ ಅವಳ ಮುಖ ಹುಡುಗಿಯದರಂತಾಗಿತ್ತು.

ಬಸ್ ಸ್ಟ್ಯಾಂಡಿನಿಂದ ಗೋಪಿ ಸರ್ಕಲ್‌ವರೆಗೆ ಮೆರವಣಿಗೆ. ಜನ ಚೆನ್ನಾಗಿಯೇ ಸೇರಿದ್ದರು. ಇಬ್ಬಿಬ್ಬರಾಗಿ ನಿಲ್ಲಿಸಿದೆ. ಕಾಲೇಜಿನ ಹುಡುಗಿಯರು ಮುಂದೆ, ಎತ್ತರದವರು ಹಿಂದೆ, ಚಪ್ಪಲಿ ಎಳೆದು ನಡೆಯುವವರು ನನ್ನ ಕಣ್ಣಿಗೆ ಬೀಳುವಂತೆ ಬದಿಗೆ. ಅಕ್ಕನಿಗೆ ಆಟೋ ಮಾಡಿದೆವು. ಆಟೋದಲ್ಲಿ ಅವಳು ಮತ್ತು ಅಮೆರಿಕ, ಮದುವೆ ದಿಬ್ಬಣದವರ ಹಾಗೆ. "ಕೊಟ್ಟ ಮಾತು" ಎಂದು ಮೇಷ್ಟ್ರು ಕೂಗಿದರೆ "ಉಳಿಸಿಕೊಳ್ಳಿ" ಎಂದು ಜನ ಕೂಗಬೇಕು. ಊರಿನ ಎಲ್ಲ ಮೆರವಣಿಗೆಗೂ ಬರುವ ಕೆಲವರಿರುತ್ತಾರೆ. ಅವರು ಅಭ್ಯಾಸಬಲದಿಂದ ಈರುಳ್ಳಿ ಬೆಲೆ ಇಳಿಸಿ ಎಂದು ಕೂಗಿದರು. ವಿಸಿಲ್ ಊದಿ ತಿದ್ದಿದೆ. ಒಂದು ಫರ್ಲಾಂಗು ಸರಿಯಾಗಿ ಕೂಗಿ, ಆಮೇಲೆ ನಲ್ಲಿ ನೀರಿನ ವಿಷಯಕ್ಕೆ ಬಂದರು. ಬಿಟ್ಟುಬಿಟ್ಟೆ. ಅವರ ಸಿಟ್ಟೂ ಸುಳ್ಳಲ್ಲವಲ್ಲ.

ಸರ್ಕಲ್ ತಲುಪಿದಾಗ ನೋಡುತ್ತೇನೆ, ನಡುವೆ ಒಂದು ಹಳೆಯ ಲಾರಿ ಟೈರು. ಪಕ್ಕದಲ್ಲಿ ಸೀಮೆಎಣ್ಣೆ ಡಬ್ಬಿ. ಕ್ಯಾಮೆರಾ ಹಿಡಿದ ಒಬ್ಬರು ಬೆಳಕು ನೋಡಿಕೊಂಡು ನಿಂತಿದ್ದರು. ಮೇಷ್ಟ್ರು ಗೊಂಬೆಯನ್ನು ಆಟೋದಿಂದ ಇಳಿಸಿ ಟೈರಿನ ಮೇಲೆ ನಿಲ್ಲಿಸಿದ. ಅವನ ಮುಖದಲ್ಲಿ ಒಂದು ಅಳುಕೂ ಇರಲಿಲ್ಲ. ಅವನು ಸುಳ್ಳು ಹೇಳಿದವನಲ್ಲ. ನಮ್ಮ ಕಡೆ ಪ್ರತಿಭಟನೆ ಎಂದರೆ ಕೊನೆಗೆ ಪ್ರತಿಕೃತಿ ದಹನ. ಊಟ ಎಂದರೆ ಕೊನೆಗೆ ಮಜ್ಜಿಗೆ ಎಂಬ ಹಾಗೆ. ಅದರಿಂದ ಹೊಗೆ ಬರುತ್ತದೆ ಎಂಬುದು ಅಷ್ಟು ಓದಿದವನ ತಲೆಗೂ ಬಂದಿರಲಿಲ್ಲ. ಅಲ್ಲಿ ನೆರೆದ ಯಾರ ತಲೆಗೂ ಬಂದಿರಲಿಲ್ಲ.

ಅಕ್ಕ ಆಟೋದಿಂದ ಟೈರು ನೋಡಿದಳು. ಸೆರಗು ಮೂಗಿಗೆ ಹೋಯಿತು. ಇನ್ನೂ ಕಡ್ಡಿ ಗೀರಿರಲಿಲ್ಲ, ಆಗಲೇ ಎದೆಯ ಹಾರ್ಮೋನಿಯಂ ಕೇಳಿಸಿತು.

"ಆಟೋ ತಿರುಗಿಸು ಅನ್ನು," ಎಂದಳು ನನಗೆ, ಮೆಲ್ಲಗೆ. "ಮನೆಗೆ ಹೋಗೋಣ. ಹೇಳೋದು ಇನ್ಯಾವಾಗಾದ್ರೂ ಆಯ್ತು."

ಆ ಇನ್ಯಾವಾಗಾದರೂ ಎಂಬುದು ಬರುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅಷ್ಟರಲ್ಲಿ ಮೇಷ್ಟ್ರು ಬೆಂಕಿಪೊಟ್ಟಣ ತೆಗೆದ.

ನಾನು ವಿಸಿಲ್ ಊದಿದೆ. ಶಾಲೆಯಲ್ಲಿ ಆಟ ನಿಲ್ಲಿಸಲು ಊದುವ ಉದ್ದನೆಯದು. ಇದರ ಪರಿಣಾಮ ಇಷ್ಟಿರುತ್ತದೆ ಎಂದು ನಾನೂ ಎಣಿಸಿರಲಿಲ್ಲ. ಆ ಗುಂಪಿನಲ್ಲಿ ನನ್ನ ಕೈಕೆಳಗೆ ಓಡಿದವರು ಬಹಳ ಜನ ಇದ್ದರು. ಎಲ್ಲರ ಹಿಮ್ಮಡಿಗಳೂ ಕೂಡಿಕೊಂಡವು, ಕೈ ತೊಡೆಗೆ ಅಂಟಿತು. ಟ್ರಾಫಿಕ್ ಪೊಲೀಸಿನವನೂ ಸಾವಧಾನ್ ಸ್ಥಿತಿಯಲ್ಲಿ ನಿಂತ, ಅವನೂ ನಮ್ಮ ಹುಡುಗನೇ. ನಾಲ್ಕೂ ಕಡೆಯ ಬಸ್ಸುಗಳು ನಿಂತವು. ಮೇಷ್ಟ್ರು ಗೀರದ ಕಡ್ಡಿ ಹಿಡಿದುಕೊಂಡೇ ನೆಟ್ಟಗೆ ನಿಂತಿದ್ದ.

"ಏನು ಮಾತು ಕೊಟ್ಟಿದ್ದೆ ದೊಡ್ಡಮ್ಮನಿಗೆ?" ಎಂದು ಕೇಳಿದೆ.

ಅವನು ಟೈರು ನೋಡಿದ. ಸೀಮೆಎಣ್ಣೆ ನೋಡಿದ. ಅಕ್ಕನ ಕಡೆ ನೋಡಿದ. ಆಗ ಅವನ ಮುಖಕ್ಕೆ ಬಂದ ಬಣ್ಣವನ್ನು ಸಾಬರ ಅಂಗಡಿಯ ಯಾವ ಬಟ್ಟೆಯಲ್ಲೂ ನಾನು ಕಂಡಿಲ್ಲ.

"ಅಯ್ಯೋ ಮಿಸ್," ಎಂದ. "ಇದೂ ಹೊಗೇನೆ ಅಲ್ವಾ."

ಕ್ಯಾಮೆರಾದವರಿಗೆ ಬೇಸರವಾಯಿತು. "ಬೆಂಕಿ ಇಲ್ದಿದ್ರೆ ಫೋಟೊ ಒಳಗಿನ ಪುಟಕ್ಕೂ ಹೋಗಲ್ಲ ಮೇಡಂ. ಒಂದೇ ಒಂದು ಸಲ, ಸಣ್ಣದಾಗಿ ಹಚ್ಚಿ, ತಕ್ಷಣ ಆರಿಸಿ." ಗುಂಪಿನಲ್ಲೂ ಗುಸುಗುಸು ಶುರುವಾಯಿತು. ಸುಡದೆ ಹೋದರೆ ಏನು ಮಾಡಿದ ಹಾಗಾಯಿತು ಎಂದರು. ಹೂಳೋಣ ಎಂದರು ಒಬ್ಬರು. ತುಂಗಾ ಹೊಳೆಗೆ ಬಿಡೋಣ ಎಂದರು ಇನ್ನೊಬ್ಬರು, ಹೊಳೆ ಏನು ಪಾಪ ಮಾಡಿತ್ತು ಎಂದು ಅವರ ಪಕ್ಕದವರು ಬೈದರು. ಸಾಬರು ನಡುವೆ ಬಂದು ಗೊಂಬೆಯ ತೋಳು ಹಿಡಿದುಕೊಂಡು ನಿಂತರು.

ಅಕ್ಕ ಆಟೋದಿಂದ ಇಳಿದಳು. ನನ್ನ ಹೆಗಲು ಹಿಡಿದು ಗೊಂಬೆಯ ಮುಂದೆ ಬಂದಳು. ಮೈಕು ಕೊಡಲು ಹೋದರೆ ಬೇಡ ಎಂದಳು. ಅವಳು ಮಾತಾಡುವುದು ಗೊಂಬೆಯ ಹತ್ತಿರ, ಜನ ಬೇಕಾದರೆ ಕೇಳಿಸಿಕೊಳ್ಳಲಿ.

"ನೋಡಪ್ಪ. ನೀನು ದೊಡ್ಡವ್ನು. ನಿನ್ನ ಹಂಡೆ ದೊಡ್ಡದು. ಚಿಕ್ಕವ್ರು ತಪ್ಪಿದ್ರೆ ದೊಡ್ಡವ್ರು ತಿದ್ದಬೋದು. ದೊಡ್ಡವನೇ ಎದ್ದುಹೋದ್ರೆ ಚಿಕ್ಕವ್ರು ಯಾರ ಮುಖ ನೋಡ್ಬೇಕು? ನಮ್ಮಂಥವ್ರು ಜಗಲೀಲಿ ಕೂರೋದು ಬೇಡ್ವಾ?"

ಅಲ್ಲಿಗೆ ಉಸಿರು ನಿಂತಿತು. ಪಂಪು ಎಳೆದುಕೊಂಡಳು. ಆಮೇಲೆ ಮೇಷ್ಟ್ರ ಕಡೆ ತಿರುಗಿದಳು.

"ಸುಟ್ರೆ ಇವ್ನು ತಪ್ಪಿಸ್ಕೊಂಡ ಹಾಗೆ ಕಣೋ. ಒಂದು ನಿಮಿಷದ ಕೆಲಸ. ನಮ್ಮ ಬೀದಿಗೆ ಕರ್ಕೊಂಡು ಹೋಗೋಣ. ಇದ್ದು, ನಮ್ಮ ಹೊಗೆ ಕುಡೀಲಿ."

ಚಪ್ಪಾಳೆ ಬಿತ್ತು. ಫೋಟೊ ಯಾವ ಪುಟದಲ್ಲೂ ಬರಲಿಲ್ಲ. ಟೈರನ್ನು ಮೇಷ್ಟ್ರು ತಾನೇ ಉರುಳಿಸಿಕೊಂಡು ಹೋಗಿ ಪಂಕ್ಚರ್ ಅಂಗಡಿಗೆ ವಾಪಸು ಕೊಟ್ಟ. ಬರುವ ಬಸ್ಸಿನಲ್ಲಿ ಬೇರೆ ಕಂಡಕ್ಟರ್. ಅವನು ಕೇಳುವ ಮೊದಲೇ ಟಿಕೆಟ್ ತೆಗೆದೆ.

ಗೊಂಬೆಯನ್ನು ಸಾಬರು ಅಂಗಡಿಯ ಮುಂದೆ ನಿಲ್ಲಿಸಿದರು. ಮಾರನೆಯ ದಿನವೇ ಮೂಲೆಮನೆಯ ಯಜಮಾನರು ಅದನ್ನು ನೋಡಿದರು. ಮೆರವಣಿಗೆ, ಒಪ್ಪಂದ ಯಾವುದೂ ಅವರಿಗೆ ಗೊತ್ತಿರಲಿಲ್ಲ, ಅವರಿಗೆ ಮನೆಯದೇ ಚಿಂತೆ. ಕಟ್ಟುತ್ತಿರುವ ಮನೆಗೆ ದೃಷ್ಟಿಗೊಂಬೆ ಕಟ್ಟುವುದು ನಮ್ಮಲ್ಲಿ ಪದ್ಧತಿ. ಹಳೆಯ ಅಂಗಿಗೆ ಹುಲ್ಲು ತುಂಬಿ, ದಾರಿಹೋಕರ ಕಣ್ಣೆಲ್ಲ ಅದರ ಮೇಲೆ ಬೀಳಲಿ, ಮನೆಯ ಮೇಲೆ ಬೀಳದಿರಲಿ ಎಂದು ನೇತುಹಾಕುತ್ತಾರೆ. ಯಜಮಾನರ ಮನೆಗೆ ಇನ್ನೂ ಗೊಂಬೆ ಕಟ್ಟಿರಲಿಲ್ಲ, ಮೊನ್ನೆ ತಾನೆ ಕಿಟಕಿಯ ಮೇಲಿನ ಒಂದು ಸಜ್ಜಾ ಬಿರುಕು ಬಿಟ್ಟಿತ್ತು.

"ಸಾಬ್ರೆ, ಬೊಂಬೆ ಬಹಳ ಲಕ್ಷಣವಾಗಿದೆ. ನಮ್ಮನೆಗೆ ಕೊಡ್ತೀರಾ?"

ಸಾಬರು ನಮ್ಮ ಕಿಟಕಿಯ ಕಡೆ ನೋಡಿದರು. ಕಿಟಕಿಯ ಹಿಂದಿನಿಂದ ಅಕ್ಕ ತಲೆಯಾಡಿಸಿದಳು. ಸಂಜೆಯೊಳಗೆ ಅಮೆರಿಕ ಮೂಲೆಮನೆಯ ಎರಡನೇ ಅಂತಸ್ತಿನ ಕಂಬಕ್ಕೆ ಕೈ ಚಾಚಿಕೊಂಡು ನಿಂತಿತ್ತು, ಜೇಬಿನಲ್ಲಿ ಎರಡು ಬಸ್ ಟಿಕೆಟ್ ಸಮೇತ.

ಮರುದಿನ ಬೆಳಿಗ್ಗೆ ಸೈರನ್ ಕೂಗಿತು. ಮೂಲೆಮನೆಯ ಬಚ್ಚಲಿನಿಂದ ಹೊಗೆ ಎದ್ದಿತು. ಅಕ್ಕ ಒದ್ದೆ ವಸ್ತ್ರವನ್ನು ಮೂಗಿಗೆ ಕಟ್ಟಿಕೊಂಡು ಜಗಲಿಗೆ ಬಂದಳು, ಬೇಡ ಎಂದರೂ ಕೇಳಲಿಲ್ಲ. ತಲೆಯೆತ್ತಿ ಗೊಂಬೆಯನ್ನು ನೋಡಿದಳು.

"ಏನಪ್ಪಾ, ಎದ್ಯಾ? ಎಲ್ಲರ ಎದುರಿಗೆ ಒಪ್ಕೊಂಡಿದ್ಯಲ್ಲ, ಮರ್ತುಹೋಯ್ತಾ?"

ಅಷ್ಟೇ, ಒಳಗೆ ಬಂದಳು. ಅಷ್ಟಕ್ಕಿಂತ ಹೆಚ್ಚು ಆ ಹೊಗೆಯಲ್ಲಿ ಕೂರಲಾಗಲಿಲ್ಲ. ಮಾರನೆಯ ದಿನ ಮತ್ತೆ ಒಂದು ಮಾತು. ಅದರ ಮಾರನೆಯ ದಿನ ಹಾಲಿನವನೂ ಒಂದು ಸೇರಿಸಿದ, "ಏನು ಸ್ವಾಮಿ, ದೊಡ್ಡೋರು ಹಿಂಗ್ ಮಾಡಬಹುದಾ?" ಪಾಳಿಯವರು ಸೈಕಲ್ ನಿಲ್ಲಿಸಿ ಕೇಳಿ ಹೋದರು. ಹೂವಿನವಳದು ತಮಿಳು ಬೆರೆತ ಬೈಗುಳ, ಅದರಲ್ಲಿ ಲಯ ಇತ್ತು. ಬೀದಿಗೆ ಅದೊಂದು ಬೆಳಗಿನ ಪೂಜೆಯಾಯಿತು. ಎಲ್ಲರೂ ಬೈಯುತ್ತಿದ್ದದ್ದು ಅಮೆರಿಕವನ್ನೇ, ನಾನು ಸಾಕ್ಷಿ. ಅದು ನಿಂತಿದ್ದದ್ದು ಮಾತ್ರ ಯಜಮಾನರ ಮಲಗುವ ಕೋಣೆಯ ಕಿಟಕಿಯ ಮೇಲೆ.

ಒಂದು ಸಂಜೆ ಯಜಮಾನರು ನನ್ನನ್ನು ಗೇಟಿನ ಹತ್ತಿರ ನಿಲ್ಲಿಸಿದರು.

"ಟೀಚರಮ್ಮ, ಒಂದು ಮಾತು. ಬೆಳಿಗ್ಗೆ ನಿಮ್ಮಕ್ಕ ಬೈಯೋದು ನಂಗಾ?"

"ಛೇ, ಇಲ್ಲ. ಅಮೆರಿಕಕ್ಕೆ."

"ಅಮೆರಿಕ ಎಲ್ಲಿದೆ?"

"ನಿಮ್ಮನೆ ಮೇಲೆ."

ಎಲ್ಲ ವಿವರಿಸಿದೆ. ಕ್ರಮವಾಗಿ, ಒಪ್ಪಂದ, ಸಹಿ, ಹಿಂದೆ ಸರಿದದ್ದು, ಕಾರಣ. ಕಾರಣ ಹೇಳುವಾಗ ಅವರು ಮೀಸೆ ಕಡಿದುಕೊಂಡರು.

"ಇದನ್ನ ನನ್ನ ಮನೆ ಮೇಲೆ ಯಾಕೆ ಕಟ್ಟಿದ್ರಿ?"

"ನೀವೇ ಕೇಳಿ ತಗೊಂಡ್ರಲ್ಲ. ಬೇಡ ಅಂದ್ರೆ ಬಿಚ್ಚಿ."

ಬಿಚ್ಚುವಂತಿರಲಿಲ್ಲ. ಗೃಹಪ್ರವೇಶಕ್ಕೆ ಮೊದಲು ದೃಷ್ಟಿಗೊಂಬೆ ತೆಗೆದರೆ ಮನೆಗೆ ಕೇಡು ಎಂದು ಅವರ ತಾಯಿ ಹೇಳಿಬಿಟ್ಟಿದ್ದರು. ಸಜ್ಜಾದ ಬಿರುಕು ಗೊಂಬೆ ಬಂದ ಮೇಲೆ ಬೇರೆ ಕಡೆ ಹಬ್ಬದೆ ನಿಂತಿತ್ತು. ಯಜಮಾನರು ತಲೆಯೆತ್ತಿ ನೋಡಿದರು. ಗೊಂಬೆಯ ಗಂಭೀರ ಮೂಗು ನೇರ ಅವರ ಬಚ್ಚಲಿನ ಕಡೆಗಿತ್ತು. ಅವರು ಒಳಗೆ ಹೋದರು.

ಆ ವಾರವೆಲ್ಲ ಹೊಗೆ ಹಾಗೇ ಇತ್ತು. ಅಕ್ಕನಿಗೆ ಒಂದು ರಾತ್ರಿ ದಮ್ಮು ಜಾಸ್ತಿಯಾಗಿ ಡಾಕ್ಟರನ್ನು ಕರೆಸಬೇಕಾಯಿತು. ಡಾಕ್ಟರು, ಬೆಳಿಗ್ಗೆ ಹೊರಗೆ ಹೋಗುವುದನ್ನು ಬಿಡಿ ಎಂದರು. ಮರುದಿನ ಸೈರನ್ ಕೂಗಿದಾಗ ಅಕ್ಕ ಜಗಲಿಗೆ ಬರಲಿಲ್ಲ. ಹಾಲಿನವನು ಬಂದು, ಅಕ್ಕ ಇಲ್ಲದ್ದು ನೋಡಿ, ಗೊಂಬೆಗೆ ಏನೂ ಹೇಳದೆ ಹೋದ. ಪಾಳಿಯವರೂ ಸುಮ್ಮನೆ ಹೋದರು. ನಾನು ಪಾತ್ರೆ ತೊಳೆಯುತ್ತಾ ಕೇಳಿಸಿಕೊಂಡೆ, ಬೀದಿ ಅಷ್ಟು ಮೌನವಾಗಿ ಎಂದೂ ಇರಲಿಲ್ಲ. ಮೂಲೆಮನೆಯಲ್ಲಿ ಕಿಟಕಿ ತೆರೆದ ಶಬ್ದ ಬಂತು. ಯಜಮಾನರು ತಲೆ ಹೊರಗೆ ಹಾಕಿ ನಮ್ಮ ಖಾಲಿ ಜಗಲಿಯನ್ನು ನೋಡುತ್ತಿದ್ದರು. ಬೈಗುಳ ಬಾರದ್ದಕ್ಕೆ ಎದ್ದು ನೋಡಿದವರನ್ನು ನಾನು ಕಂಡದ್ದು ಅದೊಂದೇ ಸಲ.

ಅದಾದ ಎರಡನೆಯ ಬೆಳಿಗ್ಗೆ ನಾನು ವ್ಯಾಯಾಮಕ್ಕೆ ಎದ್ದಾಗ ಇನ್ನೂ ಕತ್ತಲು. ಮೂಲೆಮನೆಯ ಬಚ್ಚಲಲ್ಲಿ ಬೆಂಕಿಯ ಬೆಳಕಿತ್ತು. ಯಜಮಾನರು ಲುಂಗಿ ಮೇಲೆತ್ತಿ ಕಟ್ಟಿ, ತಾವೇ ಒಲೆಯ ಮುಂದೆ ಕುಕ್ಕುರುಗಾಲಿನಲ್ಲಿ ಕುಳಿತು, ಕಣ್ಣು ಒರೆಸಿಕೊಳ್ಳುತ್ತಾ ಊದುಗೊಳವೆ ಊದುತ್ತಿದ್ದರು. ಸೈರನ್ ಕೂಗುವ ಹೊತ್ತಿಗೆ ನೀರು ಚೆಲ್ಲಿ ಕೆಂಡ ಆರಿಸಿದ ಸದ್ದು ಕೇಳಿತು.

ಅಕ್ಕನನ್ನು ಎಬ್ಬಿಸಿದೆ. ಶಾಲು ಹೊದಿಸಿ ಜಗಲಿಗೆ ಕರೆತಂದೆ. ಅವಳು ಮೂಗಿನ ವಸ್ತ್ರವನ್ನು ಸ್ವಲ್ಪ ಸರಿಸಿ ನೋಡಿದಳು, ಇನ್ನೂ ಸ್ವಲ್ಪ ಸರಿಸಿದಳು, ಆಮೇಲೆ ಪೂರ್ತಿ ತೆಗೆದು ಮಡಿಚಿ ತೊಡೆಯ ಮೇಲಿಟ್ಟುಕೊಂಡಳು. ಗಾಳಿ ಎಳೆದುಕೊಂಡಳು. ಹಾರ್ಮೋನಿಯಂ ಇಲ್ಲ.

"ಇವತ್ತು ಏನಂತ ಬೈಲಿ ಮಾರಾಯ್ತಿ?" ಎಂದಳು. ನಿಜವಾಗಿಯೂ ಪೇಚಿಗೆ ಸಿಕ್ಕಿದ್ದಳು.

ಗೃಹಪ್ರವೇಶ ಶ್ರಾವಣದಲ್ಲಾಯಿತು. ಹೋಳಿಗೆ ಊಟ. ಯಜಮಾನರೇ ಅಕ್ಕನನ್ನು ಕೈಹಿಡಿದು ಮೇಲಿನ ಅಂತಸ್ತಿಗೆ ಹತ್ತಿಸಿದರು. ಊಟವಾದ ಮೇಲೆ ಗೊಂಬೆಯನ್ನು ಇಳಿಸಿದರು. ಕೆನೆಬಣ್ಣದ ಕೋಟು ಬೇಸಿಗೆಯ ಹೊಗೆ ಕುಡಿದು, ಮಳೆಯಲ್ಲಿ ನೆನೆದು, ಅಡುಗೆಮನೆಯ ಮಸಿಬಟ್ಟೆಯಂತಾಗಿತ್ತು. ಸಾಬರು ಅದನ್ನು ಮೂಸಿ, ಹಿಂಡಿ, ಬೆಳಕಿಗೆ ಹಿಡಿದು ನೋಡಿದರು.

"ಸುಡ್ಲೇ ಇಲ್ಲ, ಆದ್ರೂ ನೋಡಿ ಟೀಚರಮ್ಮ, ಹೆಂಗೆ ಕಪ್ಪಾಗಿದೆ."

ಮೇಲ್ಗೆಲಸದವರು ಅದನ್ನು ತಿಪ್ಪೆಗೆ ಹಾಕಲು ಹೊರಟರು. ಅಕ್ಕ ತಡೆದಳು.

"ಅಲ್ಲಿಗೆ ಬೇಡ. ನಮ್ಮ ಹಿತ್ತಲ ಪೇರಲೆ ಮರಕ್ಕೆ ಕಟ್ಟಿ."

"ಇನ್ನು ಯಾಕಮ್ಮ ಅದು?" ಎಂದರು ಯಜಮಾನರು. "ಎಲ್ಲ ಸರಿಹೋಯ್ತಲ್ಲ."

"ನಿಮ್ದು ಸರಿಹೋಯ್ತು," ಎಂದಳು ಅಕ್ಕ. "ಅವ್ನು ಇನ್ನೂ ಕರಾರಿಗೆ ವಾಪಸ್ ಬಂದಿಲ್ಲ."